ಮೊದಲ ತಟ್ಟೆಯ ಕೆಂಪು

ನೀರಿನ ಮಾತು ಬಂದರೆ ನಮ್ಮ ಯಜಮಾನರು ಚಕ್ರಪಾಣಿಯವರಿಗೆ ಮೈಮೇಲೆ ಬಂದ ಹಾಗೆ. ಉಷ್ಣ ವಿದ್ಯುತ್ ಸ್ಥಾವರವೊಂದರಲ್ಲಿ ಮೂವತ್ತು ವರ್ಷ ಬಾಯ್ಲರುಗಳಿಗೆ ಹೋಗುವ ನೀರನ್ನು ನೋಡಿಕೊಂಡವರು. ನಿವೃತ್ತರಾಗಿ ಬಸವೇಶ್ವರನಗರಕ್ಕೆ ಬಂದ ಮೇಲೂ, ಯಾರ ಮನೆಗೆ ಹೋದರೂ ಕೊಟ್ಟ ಲೋಟವನ್ನು ಬೆಳಕಿಗೆ ಹಿಡಿದು ನೋಡಿಯೇ ಕುಡಿಯುತ್ತಾರೆ. ಆಗ ಕೊಟ್ಟವರ ಮುಖ ಏನಾಗುತ್ತದೆ ಎಂದು ಅವರು ನೋಡುವುದಿಲ್ಲ, ನಾನು ನೋಡುತ್ತೇನೆ. ನಾನು ಸರ್ಕಾರಿ ಶಾಲೆಯಲ್ಲಿ ಕನ್ನಡ ಟೀಚರಾಗಿದ್ದವಳು. ಯಾರು ಉತ್ತರ ಗೊತ್ತಿದ್ದು ಬರೆದಿದ್ದಾರೆ, ಯಾರು ಧೈರ್ಯದ ಮೇಲೆ ಬರೆದಿದ್ದಾರೆ ಎಂದು ಅಕ್ಷರ ನೋಡಿಯೇ ಹೇಳಬಲ್ಲೆ. ಇವರು ಧೈರ್ಯದ ಮೇಲೆ ಮಾತಾಡುವವರು. ಹತ್ತರಲ್ಲಿ ಒಂಬತ್ತು ಸಲ ಅದು ಸರಿಯಾಗಿಯೇ ಇರುತ್ತದೆ, ತೊಂದರೆ ಇರುವುದೇ ಅಲ್ಲಿ.

ನಮ್ಮ ರಸ್ತೆಯ ತಿರುವಿನಲ್ಲಿ ರಾಮಯ್ಯನವರ ಇಡ್ಲಿ ಹೋಟೆಲ್ ಇದೆ. ಅಲ್ಲಿ ಒಂದು ಪದ್ಧತಿ. ಬೆಳಿಗ್ಗೆ ಉಗಿಯಲ್ಲಿ ಬೆಂದ ಮೊದಲ ತಟ್ಟೆಯ ಇಡ್ಲಿ ಗಿರಾಕಿಗಳಿಗೆ ಇಲ್ಲ. ಉಗಿಯಾಡುತ್ತಿರುವಾಗಲೇ ಬಾಳೆಲೆ ಮುಚ್ಚಿ ಗಲ್ಲಾದ ಮೇಲಿರುವ ದೇವರ ಪಟಕ್ಕೆ ನೈವೇದ್ಯವಾಗಿ, ಆಮೇಲೆ ಅದು ನಮ್ಮ ರಸ್ತೆ ಗುಡಿಸುವ ಚಿಕ್ಕಗಂಗಮ್ಮನಿಗೆ ಹೋಗುತ್ತದೆ. ರಾಮಯ್ಯನವರ ತಂದೆಯ ಕಾಲದಿಂದ ಹೀಗೇ ನಡೆದು ಬಂದಿದೆ. ಒಳ್ಳೆಯ ಪದ್ಧತಿಯೇ. ಆದರೆ ಅದರಿಂದಾಗಿ ಆ ಮೊದಲ ತಟ್ಟೆ ಹೇಗಿರುತ್ತದೆ ಎಂದು ದೇವರನ್ನೂ ಚಿಕ್ಕಗಂಗಮ್ಮನನ್ನೂ ಬಿಟ್ಟು ಇನ್ಯಾರಿಗೂ ಗೊತ್ತಿರಲಿಲ್ಲ.

ಒಂದು ಭಾನುವಾರ ಹೋಟೆಲ್ಲಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಗಡಿಬಿಡಿಯಲ್ಲಿ ಅಡುಗೆಯವನು ಮೊದಲ ತಟ್ಟೆಯನ್ನೇ ಕೌಂಟರಿಗೆ ಕೊಟ್ಟುಬಿಟ್ಟ. ಅದು ಸಿಕ್ಕಿದ್ದು ಪಕ್ಕದ ಪಿ.ಜಿ.ಯಲ್ಲಿರುವ ಕವನಾ ಎಂಬ ಹುಡುಗಿಗೆ. ಮಲ್ಲಿಗೆಯಂಥ ಇಡ್ಲಿಯ ಮೇಲೆ ಕೆಂಪು ಚುಕ್ಕೆಗಳು, ಒಂದು ಕಡೆ ಕಂದು ಗೀರು. ಅವಳು ಬಾಯಿ ಮಾಡಲಿಲ್ಲ, ಜಗಳ ಆಡಲಿಲ್ಲ. ಫೋಟೋ ತೆಗೆದು 'ತುಕ್ಕಿನ ಇಡ್ಲಿ' ಎಂದು ಬಡಾವಣೆಯ ವಾಟ್ಸ್ಯಾಪ್ ಗುಂಪಿಗೆ ಹಾಕಿದಳು, ಅಷ್ಟೆ. ತಿಂಡಿಯ ಹೊತ್ತು ಮುಗಿಯುವುದರೊಳಗೆ ಹೋಟೆಲ್ ಖಾಲಿಯಾಗಿತ್ತು.

ರಾಮಯ್ಯನವರು ನಮ್ಮ ಮನೆಗೆ ಓಡಿ ಬಂದರು. "ಸಾರ್, ನೀವೊಂದ್ಸಲ ಬಂದು ನೋಡ್ಬೇಕು. ನೀರು, ಬಾಯ್ಲರು ಎಲ್ಲಾ ನಿಮಗೆ ಗೊತ್ತಿರೋದೇ" ಎಂದರು. ಇವರು ಎರಡನೇ ಸಲ ಕರೆಸಿಕೊಳ್ಳಲಿಲ್ಲ. ಕಾಫಿ ಸಿಗುತ್ತದೆಂದು ನಾನೂ ಹಿಂದೆ ಹೋದೆ.

ಹೋಟೆಲ್ಲಿನ ಹಿಂದೆ, ಗೋಡೆಯ ಪಕ್ಕದಲ್ಲಿ, ಇಡ್ಲಿ ಪೆಟ್ಟಿಗೆಗೆ ಉಗಿ ಕೊಡುವ ಬಾಯ್ಲರ್ ನಿಂತಿತ್ತು. ಸಂಕ್ರಾಂತಿಯ ಹೊತ್ತಿಗೆ ಹೊಸದಾಗಿ ಮಾಡಿಸಿದ್ದು. ಅದನ್ನು ಮಾಡಿದವನು ಕಾಮಾಕ್ಷಿಪಾಳ್ಯದಲ್ಲಿ ಶೆಡ್ ಇಟ್ಟುಕೊಂಡಿದ್ದ ದುಂಡಪ್ಪ, ರೋಣದ ಕಡೆಯವನು. ಬೆಂಗಳೂರಿಗೆ ಕೂಲಿಗೆ ಬಂದು, ವೆಲ್ಡಿಂಗ್ ಕಲಿತು, ಬರಬರುತ್ತಾ ಹೋಟೆಲ್ಲುಗಳಿಗೆ ಇಡ್ಲಿ ಬಾಯ್ಲರ್ ಮಾಡಿಕೊಡುವುದರಲ್ಲಿ ಹೆಸರು ಮಾಡಿದ್ದ. ರಾಮಯ್ಯನವರು ಅವನನ್ನೂ ಕರೆಸಿದ್ದರು. ಎಣ್ಣೆ ಹಾಕಿ ಬಾಚಿದ ತಲೆ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಸ್ಕೂಟರಿನ ಹೆಲ್ಮೆಟ್. ಯಾವುದೋ ಶುಭಕಾರ್ಯದಿಂದ ಎದ್ದು ಬಂದ ಹಾಗಿದ್ದ.

ಬಾಯ್ಲರಿನ ಮುಚ್ಚಳ ಬಿಚ್ಚಿಸಿ ಇವರು ಟಾರ್ಚ್ ಹಾಕಿ ಒಳಗೆ ನೋಡಿದರು. ಇಡೀ ಒಳಮೈ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು.

"ನೀರು ಯಾವುದು ಹಾಕ್ತೀರಿ?" ಎಂದು ಕೇಳಿದರು.

"ಆರ್‌ಓ ನೀರು ಸಾರ್. ಬೋರ್ ನೀರಲ್ಲಿ ಬರೀ ಸುಣ್ಣ ಕಟ್ಕೊಳ್ತಿತ್ತು, ಅದಕ್ಕೆ ಸಂಕ್ರಾಂತಿಗೆ ದೊಡ್ಡ ಪ್ಲಾಂಟೇ ಹಾಕ್ಸಿದೆ. ಕುಡಿಯೋಕೂ ಅದೇ, ಉಗಿಗೂ ಅದೇ" ಎಂದು ರಾಮಯ್ಯನವರು ಗೋಡೆಯ ಮೇಲಿನ ಬೋರ್ಡು ತೋರಿಸಿದರು. ಶುದ್ಧ ನೀರಿನಲ್ಲಿ ಬೆಂದ ಇಡ್ಲಿ ಎಂದು ದೊಡ್ಡದಾಗಿ ಬರೆಸಿದ್ದರು.

"ಹಾಗಿದ್ರೆ ನೀರಿನ ತಪ್ಪಲ್ಲ" ಎಂದು ಇವರು ಟಾರ್ಚ್ ಆರಿಸಿದರು. "ನಮ್ಮ ಪ್ಲಾಂಟಲ್ಲಿ ಇದಕ್ಕಿಂತ ನೂರು ಪಾಲು ಶುದ್ಧ ನೀರು. ಬಿಸಿ ಮುನ್ನೂರು ಡಿಗ್ರಿ. ಉಕ್ಕಿನ ಪೈಪು ಕಪ್ಪಗೆ ಮಿರಮಿರ ಅಂತಿರ್ತಿತ್ತೇ ಹೊರತು ತುಕ್ಕಿನ ಮಾತೇ ಇಲ್ಲ. ಇದು ಬಾಯ್ಲರ್ ಮಾಡಿದ ಉಕ್ಕಿನ ಪ್ಲೇಟಿನ ದೋಷ. ಕಳಪೆ ಮಾಲು."

ದುಂಡಪ್ಪ ಹೆಲ್ಮೆಟ್ಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡ. "ಪ್ಲೇಟ್ ಚಲೋ ಐತ್ರಿ ಸಾಹೇಬ್ರ. ಎಲ್ಲಾ ಕಡೆ ಇದ್ನ ಹಾಕ್ತೀನ್ರಿ" ಎಂದ.

"ಚೆನ್ನಾಗಿದ್ರೆ ಹೀಗ್ಯಾಕಪ್ಪಾ ಆಗ್ತಿತ್ತು? ನಿನಗೆ ಅಂಗಡಿಯವನು ಮೋಸ ಮಾಡಿರ್ಬೇಕು ನೋಡು."

ಕಳ್ಳ ಎನ್ನಲಿಲ್ಲ, ಮೋಸ ಹೋದವನು ಎಂದರು. ತಾವು ಬಹಳ ಮೃದುವಾಗಿ ಹೇಳಿದೆ ಎಂದು ಇವರ ಭಾವನೆ. ದುಂಡಪ್ಪ ಬಗ್ಗಿ ಬಾಯ್ಲರಿನ ಒಳಗೆ ಕೈ ಹಾಕಿ, ಬೆರಳಿಗೆ ಹತ್ತಿದ ಕೆಂಪನ್ನು ನೋಡಿದ. ಆ ಬೆರಳನ್ನು ಇಸ್ತ್ರಿ ಮಾಡಿದ ಅಂಗಿಗೇ ಒರೆಸಿಕೊಂಡ. ಊರಿನ ಹೋಟೆಲ್ಲಿನವರು ಒಬ್ಬರ ಜೊತೆ ಒಬ್ಬರು ದಿನಾ ಮಾತಾಡುವವರು. ಅವನ ಬಾಯ್ಲರಿನ ಕಸುಬು ಉಳಿಯುವುದೋ ಹೋಗುವುದೋ ಅನ್ನುವುದು ಆ ಒಂದು ಮಾತಿನಲ್ಲೇ ಇತ್ತು. ಅದು ಆ ಹಿತ್ತಲಿನಲ್ಲಿ ನಿಂತಿದ್ದ ಎಲ್ಲರಿಗೂ ಗೊತ್ತಿತ್ತು.

ರಾಮಯ್ಯನವರು ಆ ಬಾಯ್ಲರ್ ಕೀಳಿಸಿ ಮೂಲೆಗೆ ಹಾಕಿಸಿ, ಒಳಗೆಲ್ಲ ಸುಣ್ಣ ಕಟ್ಟಿದ್ದ ಹಳೆಯದನ್ನೇ ಮತ್ತೆ ಕೂರಿಸಿದರು. ಇಡ್ಲಿ ಬೆಳ್ಳಗೆ ಬಂತು. ಇವರ ಮಾತು ಸಾಬೀತಾದಂತಾಯಿತು. ಅವತ್ತಿಂದ ಹೋಟೆಲ್ಲಿನಲ್ಲಿ ಇವರಿಗೆ ಮೊದಲ ಡಿಕಾಕ್ಷನ್ನಿನ ಕಾಫಿ. ವಿಜಯನಗರದ ಎರಡು ಹೋಟೆಲ್ಲಿನವರು ದುಂಡಪ್ಪನಿಗೆ ಕೊಟ್ಟಿದ್ದ ಆರ್ಡರು ಹಿಂದಕ್ಕೆ ತೆಗೆದುಕೊಂಡರೆಂದು ಕೆಲವು ವಾರಗಳ ಮೇಲೆ ರಾಮಯ್ಯನವರೇ ಹೇಳಿದರು. "ಪಾಪ, ಒಳ್ಳೇ ಮನುಷ್ಯ" ಎಂದೂ ಸೇರಿಸಿದರು. ಪಾಪ ಎನ್ನುವುದಕ್ಕೆ ಯಾರ ಗಂಟೂ ಹೋಗುವುದಿಲ್ಲ.

ಒಂದು ದಿನ ನಾನು ಗೇಟಿನ ಹತ್ತಿರ ರಂಗೋಲಿ ಹಾಕುತ್ತಿದ್ದಾಗ ಚಿಕ್ಕಗಂಗಮ್ಮ ಪೊರಕೆ ಗೋಡೆಗೆ ಒರಗಿಸಿ ನಿಂತಳು.

"ಅಮ್ಮಾ, ರಾಮಯ್ಯನೋರು ಪೂಜೆ ಗೀಜೆ ಬಿಟ್ಬಿಟ್ರಾ?" ಎಂದು ಕೇಳಿದಳು.

"ಯಾಕೆ ಚಿಕ್ಕಗಂಗಮ್ಮ? ದಿನಾ ಊದಿನಕಡ್ಡಿ ವಾಸನೆ ಬರ್ತದಲ್ಲ."

"ಮತ್ತೆ ಪ್ರಸಾದ್ದಲ್ಲಿ ಕುಂಕುಮಾನೇ ಇರಲ್ಲ ಈಗ. ಮೊದ್ಲು ಇಡ್ಲಿ ಮ್ಯಾಲೆ ಚೆನ್ನಾಗಿ ಉದುರ್ಸಿರೋರು. ಕಣ್ಣಿಗೊತ್ಕೊಂಡು ತಿಂತಿದ್ದೆ. ಈಗ ಬರೀ ಬಿಳೀ ಇಡ್ಲಿ."

ರಂಗೋಲಿ ಪುಡಿ ನನ್ನ ಬೆರಳಲ್ಲೇ ನಿಂತಿತು. ಸಂಕ್ರಾಂತಿಯಿಂದ ಆ ಬಾಯ್ಲರ್ ಇದ್ದಷ್ಟು ದಿನ ಬೆಳಿಗ್ಗೆ ಈಕೆ ತುಕ್ಕನ್ನು ಕುಂಕುಮವೆಂದು ಕಣ್ಣಿಗೊತ್ತಿಕೊಂಡು ತಿಂದಿದ್ದಾಳೆ. ಒಬ್ಬ ಹುಡುಗಿಗೆ ಒಂದು ದಿನ ಸಿಕ್ಕಿದ್ದಕ್ಕೆ ಊರೇ ಎದ್ದು ಕೂತಿತ್ತು. ಈಕೆಯ ತಟ್ಟೆ ಯಾರ ಲೆಕ್ಕಕ್ಕೂ ಇರಲಿಲ್ಲ. ನನಗೆ ಸಿಟ್ಟು ಬಂತು. ಅದು ಕುಂಕುಮವಲ್ಲ ಎಂದು ಹೇಳಿದೆ. ಅವಳು ನಂಬಿದ ಹಾಗೆ ಕಾಣಲಿಲ್ಲ.

"ತುಕ್ಕಾದ್ರೆ ದಿನಾ ಇರ್ಬೇಕಲ್ವಾ ಅಮ್ಮಾ? ಇದು ಹಂಗಲ್ಲ. ಸುಡು ಸುಡು ಬಿಸ್ಲು ಇದ್ರೆ ಮಾರ್ನೇ ದಿನ ಕೆಂಪಗೆ ಇರೋದು. ಮೋಡ ಮುಚ್ಕೊಂಡು ತಂಪಾಗಿತ್ತು ಅನ್ನಿ, ಮಾರ್ನೇ ದಿನ ಏನೂ ಇಲ್ಲ. ಬಿಸ್ಲಲ್ಲಿ ಗುಡ್ಸಿ ಸತ್ತಿದೀನಿ ಅಂತ ದೇವ್ರು ಕೊಡ್ತಾನೆ, ತಂಪಿದ್ ದಿನ ಯಾಕೆ ಕೊಡ್ಬೇಕು ಅಂತಾನೆ ಅಂದ್ಕೊಂಡಿದ್ದೆ" ಎಂದು ನಕ್ಕು ಪೊರಕೆ ಎತ್ತಿಕೊಂಡಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಇವರಿಗೆ ಹೇಳಿದೆ. ಸಾರನ್ನ ಕಲಸುತ್ತಿದ್ದವರು, "ಮೋಡಕ್ಕೂ ಬಾಯ್ಲರಿಗೂ ಏನೇ ಸಂಬಂಧ? ನೀನೊಬ್ಳು, ಅವಳೊಬ್ಳು" ಎಂದು ನಕ್ಕರು.

"ಅದೇ ನಾನು ಕೇಳ್ತಿರೋದು. ಪ್ಲೇಟು ಕಳಪೆ ಆದ್ರೆ ಮೋಡ ನೋಡ್ಕೊಂಡು ತುಕ್ಕು ಹಿಡಿಯತ್ತೇನ್ರೀ?"

ಇವರ ನಗು ಅರ್ಧಕ್ಕೆ ನಿಂತಿತು. ಕೈ ತಟ್ಟೆಯಲ್ಲೇ ಇತ್ತು. "ರಾಮಯ್ಯ ತಾರಸಿ ಮೇಲೆ ಸೋಲಾರ್ ಹಾಕ್ಸಿದಾರಾ?" ಎಂದು ಕೇಳಿದರು. ಮಜ್ಜಿಗೆ ಅನ್ನ ಉಣ್ಣದೆ ಎದ್ದು ಹೋದದ್ದು ನಮ್ಮ ಮದುವೆಯಾದ ಮೇಲೆ ಅದೇ ಮೊದಲು.

ಸೋಲಾರ್ ಇತ್ತು. ಅದೂ ಸಂಕ್ರಾಂತಿಗೇ ಹಾಕಿಸಿದ್ದು. ರಾಮಯ್ಯನವರು ಮುಚ್ಚಿಟ್ಟಿರಲಿಲ್ಲ, ಬಿಸಿಲಿನಿಂದ ಇಡ್ಲಿ ಕೆಂಪಾಗುತ್ತದೆಂದು ಯಾರಿಗೆ ತಾನೇ ಹೊಳೆಯುತ್ತದೆ? ಅವರು ಹೆಮ್ಮೆಯಿಂದಲೇ ವಿವರಿಸಿದರು. "ಅಂಗಡಿ ಮುಚ್ಚೋವಾಗ ಬಾಯ್ಲರಿನ ಹಳೇ ನೀರು ಬಿಟ್ಟು, ಸೋಲಾರಿಂದ ಹೊಸ ನೀರು ತುಂಬಿಸ್ತೀವಿ ಸಾರ್. ದುಂಡಪ್ಪ ಸುತ್ತ ಹೊದಿಕೆ ಎಷ್ಟು ಚೆನ್ನಾಗಿ ಹಾಕಿದ್ದ ಅಂದ್ರೆ ಬೆಳಿಗ್ಗೆವರೆಗೂ ನೀರು ಬೆಚ್ಚಗೇ ಇರೋದು. ಒಂದು ಸ್ವಲ್ಪ ಗ್ಯಾಸ್ ಹಚ್ಚಿದ್ರೆ ಉಗಿ ಬಂತು."

ಇವರು ಮೂಲೆಯಲ್ಲಿ ಬಿದ್ದಿದ್ದ ಬಾಯ್ಲರಿನ ಹೊದಿಕೆಯನ್ನು ಸವರಿ ನೋಡಿದರು. ಆ ಹೊದಿಕೆಯ ಹೊಲಿಗೆ ನನ್ನ ಕಣ್ಣಿಗೂ ಬಿತ್ತು. ಎಲ್ಲೂ ಸುಕ್ಕಿಲ್ಲ, ಸಂದಿಲ್ಲ. ಅವನು ಅಷ್ಟು ಚೆನ್ನಾಗಿ ಮಾಡಿರದಿದ್ದರೆ ನೀರು ಬೇಗ ತಣ್ಣಗಾಗುತ್ತಿತ್ತು. ಬಾಯ್ಲರ್ ನೆಟ್ಟಗೆ ನಿಲ್ಲಲೆಂದು ಕಾಲಿನ ಕೆಳಗೆ ಕೊಟ್ಟಿದ್ದ ಮೂರು ಸಣ್ಣ ತುಂಡುಗಳು ಅಲ್ಲೇ ಇದ್ದವು, ಅದೇ ಪ್ಲೇಟಿನವು. ಇವರು ಅವನ್ನೂ ಒಂದು ಕ್ಯಾನ್ ಆರ್‌ಓ ನೀರನ್ನೂ ಕೇಳಿ ತೆಗೆದುಕೊಂಡರು.

ಮರುದಿನ ನನ್ನ ಅಡುಗೆಮನೆ ಇವರ ಪ್ರಯೋಗಶಾಲೆಯಾಯಿತು. ಮೂರೂ ತುಂಡುಗಳನ್ನು ಎಮರಿ ಪೇಪರಿನಲ್ಲಿ ಉಜ್ಜಿ ಹೊಳೆಯುವಂತೆ ಮಾಡಿದರು. ಒಂದನ್ನು ಲೋಟದಲ್ಲಿ ತಣ್ಣನೆಯ ನೀರಿಗೆ ಹಾಕಿದರು. ಇನ್ನೊಂದು ನನ್ನ ಫ್ಲಾಸ್ಕಿಗೆ, ಕೈ ಅದ್ದಿದರೆ ಸರಕ್ಕನೆ ತೆಗೆಯಬೇಕು ಅನ್ನಿಸುವಷ್ಟು ಬಿಸಿ ನೀರಿಗೆ. ಮೇಲೆ ಗಾಳಿ ಇರಲೆಂದು ಫ್ಲಾಸ್ಕನ್ನು ಅರ್ಧವೇ ತುಂಬಿಸಿ, ಬಿಸಿ ಆರದಂತೆ ಆಗಾಗ ನೀರು ಬದಲಾಯಿಸಿದರು. ಮೂರನೆಯದಕ್ಕೆ ಪಾತ್ರೆಯಲ್ಲಿ ನೀರನ್ನು ಮೊದಲು ಕೊತಕೊತ ಕುದಿಸಿ, ಆಮೇಲೆ ತುಂಡನ್ನು ಹಾಕಿ, ಸಣ್ಣ ಉರಿಯಲ್ಲಿ ಕುದಿಯುತ್ತಲೇ ಇರುವಂತೆ ಬಿಟ್ಟರು. ಒಂದು ಒಲೆ ಇಡೀ ದಿನ ಅದಕ್ಕೇ ಮೀಸಲು. ಮಧ್ಯಾಹ್ನದ ಪಲ್ಯಕ್ಕೆ ರಜೆ.

"ಮೂರೂ ಒಂದೇ ಪ್ಲೇಟು, ಒಂದೇ ನೀರು. ಬಿಸಿ ಮಾತ್ರ ಬೇರೆ" ಎಂದರು.

"ಉಪ್ಪು ಹಾಕ್ಲಾ?" ಎಂದು ಕೇಳಿದೆ. ನಗಲಿಲ್ಲ. ಆಗಲೇ ನನಗೆ ಇವರ ಒಳಗೆ ಏನೋ ಕುಟುಕುತ್ತಿದೆ ಎಂದು ಗೊತ್ತಾದದ್ದು.

ಸಂಜೆ ದೀಪ ಹಚ್ಚುವ ಮೊದಲು ಮೂರನ್ನೂ ತೆಗೆದರು. ತಣ್ಣೀರಿನ ತುಂಡಿನ ಅಂಚಿನಲ್ಲಿ ಅಲ್ಲಲ್ಲಿ ಕಿತ್ತಳೆ ಬಣ್ಣ. ಕುದಿಯುವ ನೀರಿನದು ಮಂಕಾಗಿ ಕಪ್ಪಾಗಿತ್ತು, ನೀರು ಮಾತ್ರ ತಿಳಿಯಾಗಿಯೇ ಇತ್ತು. ಫ್ಲಾಸ್ಕನ್ನು ಬಗ್ಗಿಸಿದರೆ ಇಟ್ಟಿಗೆ ಪುಡಿ ಕದಡಿದಂಥ ನೀರು ಸಿಂಕಿಗೆ ಬಿತ್ತು. ಅದರೊಳಗಿನ ತುಂಡು ಬಾಯ್ಲರಿನ ಒಳಮೈಯ ಬಣ್ಣವೇ.

ಇವರು ಅಡುಗೆಮನೆಯ ಸ್ಟೂಲಿನ ಮೇಲೆ ಕೂತುಬಿಟ್ಟರು. "ಪ್ಲೇಟು ಸರಿಯಾಗೇ ಇದೆ ಸೀತಾ" ಎಂದರು. ಆಮೇಲೆ ಕೇಳದಿದ್ದರೂ ವಿವರಿಸಿದರು. ನೀರು ಬಿಸಿಯಾದಷ್ಟೂ ಅದರೊಳಗಿನ ಗಾಳಿ ಕಬ್ಬಿಣವನ್ನು ಬೇಗ ಬೇಗ ತಿನ್ನುತ್ತದೆ. ಆದರೆ ಚೆನ್ನಾಗಿ ಕುದಿ ಬಂದರೆ ಆ ಗಾಳಿಯೇ ಹೊರಟುಹೋಗುತ್ತದೆ, ತಿನ್ನಲು ಯಾರೂ ಉಳಿಯುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಈ ನಡುವಿನ ಬಿಸಿ, ಕುದಿಯದೆ ಗಾಳಿ ಇಟ್ಟುಕೊಂಡು ಇಡೀ ರಾತ್ರಿ ಬೆಚ್ಚಗಿರುವುದು. ಬೆಳಿಗ್ಗೆ ಮೊದಲ ಉಗಿಯ ಜೊತೆ ಚಿಮ್ಮುವ ಆ ಕೆಂಪು ನೀರು ಮೊದಲ ತಟ್ಟೆಗೇ ಬೀಳುತ್ತದೆ, ಆಮೇಲಿನ ಉಗಿ ತಿಳಿ. ಬೋರ್ ನೀರಾದರೆ ಗೋಡೆಗೆ ಸುಣ್ಣದ ಪದರವನ್ನಾದರೂ ಬಳಿಯುತ್ತದೆ, ಕಬ್ಬಿಣಕ್ಕೆ ಅದೇ ಅಂಗಿ. ಹಳೆಯ ಬಾಯ್ಲರ್ ಉಳಿದುಕೊಂಡಿದ್ದು ಅದರಿಂದಲೇ. ಶುದ್ಧ ನೀರಿನಲ್ಲಿ ಬಳಿಯಲು ಏನೂ ಇಲ್ಲ.

"ನಿಮ್ಮ ಪ್ಲಾಂಟಲ್ಲಿ ಮತ್ತೆ ಯಾಕೆ ಹಿಡೀಲಿಲ್ಲ?"

"ನಮ್ಮಲ್ಲಿ ಬಾಯ್ಲರಿಗೆ ಬರೋ ಮೊದ್ಲೇ ಗಾಳಿ ತೆಗೆದಿರ್ತಿದ್ರು. ಅದಕ್ಕೇ ಅಂತ ಬೇರೆ ವಿಭಾಗಾನೇ ಇತ್ತು." ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿಕೊಂಡರು. "ಮೂವತ್ತು ವರ್ಷ ಅಂಥ ನೀರು ನೋಡಿ ನೋಡಿ, ನೀರಲ್ಲಿ ಗಾಳಿ ಇರತ್ತೆ ಅನ್ನೋದೇ ಮರ್ತೋಗಿತ್ತು ಕಣೇ."

ಇವರ ಮೇಲೆ ಆಡಲು ಇಷ್ಟು ವಾರಗಳಿಂದ ಮಾತು ಕೂಡಿಟ್ಟುಕೊಂಡಿದ್ದೆ. ಆ ಮುಖ ನೋಡಿ ಆಡಲಾಗಲಿಲ್ಲ. ಸಂಕ್ರಾಂತಿಗೆ ಆ ಹಿತ್ತಲಿಗೆ ಹೊಸದಾಗಿ ಬಂದವು ಮೂರು. ನೀರಿಗೆ ಕಂಪನಿಯ ಚೀಟಿ ಇತ್ತು, ಸೋಲಾರಿಗೆ ಗ್ಯಾರಂಟಿ ಇತ್ತು, ಬಾಯ್ಲರಿಗೆ ಮಾತ್ರ ಒಬ್ಬ ಮನುಷ್ಯ ಇದ್ದ. ಬೈಯಲು ಮನುಷ್ಯನೇ ಸುಲಭ.

ಮರುದಿನ ಬೆಳಿಗ್ಗೆ ಇವರು ರಾಮಯ್ಯನವರಿಗೆ ಎಲ್ಲ ಹೇಳಿದರು. ರಾತ್ರಿ ಬೆಚ್ಚನೆಯ ನೀರು ತುಂಬಿಸಿಡಬೇಡಿ, ಖಾಲಿ ಮಾಡಿ ಒಣಗಲು ಬಿಡಿ, ಬೆಳಿಗ್ಗೆ ತುಂಬಿಸಿ ಉಗಿಯ ಬಾಯಿ ತೆರೆದಿಟ್ಟು ಚೆನ್ನಾಗಿ ಕುದಿಸಿದ ಮೇಲೇ ಇಡ್ಲಿ ಪೆಟ್ಟಿಗೆಗೆ ಬಿಡಿ ಎಂದರು. ರಾಮಯ್ಯನವರು ಕೆನ್ನೆ ಬಡಿದುಕೊಂಡರು. ಚಿಕ್ಕಗಂಗಮ್ಮನ ವಿಷಯ ನಾನು ಹೇಳಿದಾಗ ಅವರ ಕಣ್ಣು ತುಂಬಿತು. ಅಂದಿನಿಂದ ಮೊದಲ ತಟ್ಟೆಯನ್ನು ತಾವೇ ನೋಡಿ ಕೊಡುತ್ತೇನೆಂದರು. ಅಲ್ಲೇ ನಿಂತು ದುಂಡಪ್ಪನಿಗೆ ಫೋನ್ ಮಾಡಿದರು. ಅವನು ಎತ್ತಲಿಲ್ಲ.

"ಎತ್ತಲ್ಲ ಸಾರ್. ಬಾಯ್ಲರ್ ಕೆಲಸಾನೇ ಬಿಟ್ನಂತೆ. ಜನ ತಿನ್ನೋ ಸಾಮಾನಿಗೆ ನಾನು ಕೈ ಹಾಕಲ್ಲ ಅಂದ್ನಂತೆ. ಗೇಟು, ಗ್ರಿಲ್ಲು ಮಾಡ್ಕೊಂಡಿದಾನೆ."

"ಯಾರಾದ್ರೂ ಹೇಳಿ ಕಳಿಸಿ" ಎಂದರು ಇವರು.

"ಯಾರಾದ್ರೂ ಯಾಕೆ? ಅವತ್ತು ಹೇಳಿದೋರೇ ಇವತ್ತೂ ಹೇಳ್ಲಿ. ಏಳಿ" ಎಂದು ನಾನು ಆಟೋ ಕೂಗಿದೆ.

ಕಾಮಾಕ್ಷಿಪಾಳ್ಯದ ಸಣ್ಣ ಓಣಿಯಲ್ಲಿ ದುಂಡಪ್ಪನ ಶೆಡ್, ಅದರ ಹಿಂದೆಯೇ ಒಂದು ಕೋಣೆಯ ಮನೆ. ಒಂದು ಕೈಯಲ್ಲಿ ಕಪ್ಪು ಗಾಜಿನ ಹಲಗೆಯನ್ನು ಮುಖಕ್ಕೆ ಹಿಡಿದು, ಇನ್ನೊಂದು ಕೈಯಿಂದ ಅವನು ಕಿಟಕಿಯ ಗ್ರಿಲ್ ಬೆಸೆಯುತ್ತಿದ್ದ. ನಮ್ಮನ್ನು ಕಂಡು ಗಡಬಡಿಸಿ ಎದ್ದು, ಇದ್ದೊಂದು ಕುರ್ಚಿಯನ್ನು ಒರೆಸಿ ಇವರ ಮುಂದೆ ಇಟ್ಟ. ಮುಖದಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಇನ್ನೇನು ತಪ್ಪು ಹೊರಬಿತ್ತೋ ಎಂಬ ಹೆದರಿಕೆ.

ಇವರು ಕೂರಲಿಲ್ಲ. ಕಾಗದದಲ್ಲಿ ಸುತ್ತಿ ತಂದಿದ್ದ ಮೂರು ತುಂಡುಗಳನ್ನು ಬೆಂಚಿನ ಮೇಲೆ ಬಿಚ್ಚಿಟ್ಟು, ತಣ್ಣೀರು, ಬಿಸಿನೀರು, ಕುದಿಯುವ ನೀರು ಎಂದು ತೋರಿಸುತ್ತಾ ಹೋದರು. ದುಂಡಪ್ಪ ಒಂದೊಂದನ್ನೇ ಎತ್ತಿ, ಹೆಬ್ಬೆರಳಿನಿಂದ ಉಜ್ಜಿ ನೋಡಿದ.

"ಹಂಗಾರ ಪ್ಲೇಟ್ ಚಲೋ ಇತ್ರಿ?"

"ಚೆನ್ನಾಗಿತ್ತು" ಎಂದರು ಇವರು, ಬೆಂಚಿನ ಕಡೆ ನೋಡುತ್ತಾ. "ನಾನು ಹೇಳಿದ್ದು ತಪ್ಪು."

ದುಂಡಪ್ಪ ಶೆಡ್ಡಿನ ಮೂಲೆಗೆ ತಿರುಗಿದ. ಅಲ್ಲಿ ಒಂದು ಬಾಯ್ಲರ್ ನಡುವೆ ಕೊಯ್ದು ಎರಡು ಹೋಳಾಗಿ ಬಿದ್ದಿತ್ತು.

"ಅದು ಮಲ್ಲತ್ತಹಳ್ಳಿ ಹೋಟೆಲ್ದು ರೀ. ಅವರೇನ್ ತಕರಾರು ಮಾಡಿರ್ಲಿಲ್ಲ. ಅದs ಪ್ಲೇಟಲ್ಲಾ, ಮಂದಿ ತಿನ್ನೂದು ಅಂತ ನಾನs ಹೋಗಿ ಕೇಳಿ ಹೊತ್ಕೊಂಡ ಬಂದೆ. ಕೊಯ್ದು ನೋಡಿದ್ರ ಒಳಗ ಕೆಂಪ ಏನೂ ಇರ್ಲಿಲ್ರಿ." ಮಾತು ನಿಂತು ಮತ್ತೆ ಬಂತು. "ಆದ್ರೂ ನಂಬಿದೆ. ಅಷ್ಟು ಕಲ್ತ ಸಾಹೇಬ್ರು ಹೇಳ್ಯಾರ ಅಂದ್ರ ಐತಿ, ನನ್ನ ಕಣ್ಣಿಗೆ ಕಾಣವಲ್ದು ಅಂದ್ಕೊಂಡೆ."

ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ಇವರು ಆ ಎರಡು ಹೋಳುಗಳನ್ನು ನೋಡಿದವರು ಕಣ್ಣು ಕೀಳಲಿಲ್ಲ. "ನಾಳೆ ರಾಮಯ್ಯನ ಹೋಟೆಲ್ಲಲ್ಲಿ ಎಲ್ಲರ ಮುಂದೆ ಹೇಳ್ತೀನಿ. ಆ ವಾಟ್ಸ್ಯಾಪ್ ಗುಂಪಲ್ಲೂ ನನ್ನ ಹೆಸರು ಹಾಕೇ ಬರೀತೀನಿ. ಮಲ್ಲತ್ತಹಳ್ಳಿಗೂ ಬರ್ತೀನಿ, ವಿಜಯನಗರಕ್ಕೂ ಬರ್ತೀನಿ" ಎಂದರು.

"ಅದೆಲ್ಲಾ ಆಮ್ಯಾಲಿರಿ ಸಾಹೇಬ್ರ. ಮೊದ್ಲ ಆಕಿ ಮುಂದ ಹೇಳ್ರಿ." ಅವನು ಹಿಂದಿನ ಬಾಗಿಲ ಕಡೆ ಕೂಗಿದ. "ಗುರವ್ವಾ, ಹೊರಗ ಬಾ ಇಲ್ಲೆ."

ಹೆಂಡತಿ ಗುರವ್ವ ಕೈಗೆ ಜೋಳದ ಹಿಟ್ಟು ಮೆತ್ತಿಕೊಂಡೇ ಬಂದಳು. ಹತ್ತಿರದ ಗಾರ್ಮೆಂಟ್ಸಿನಲ್ಲಿ ಕೆಲಸಕ್ಕೆ ಹೋಗುವವಳು, ಅವತ್ತು ರಜೆ. ಇವರು ಅವಳಿಗೂ ಅದನ್ನೇ ಹೇಳಿದರು. ಪ್ಲೇಟು ಚೆನ್ನಾಗಿತ್ತು, ಕೆಲಸ ಚೆನ್ನಾಗಿತ್ತು, ತಪ್ಪಾದದ್ದು ನೀರು ಬೆಚ್ಚಗಿಟ್ಟಿದ್ದರಿಂದ ಎಂದು. ಅವಳು ಪೂರ್ತಿ ಕೇಳಿಸಿಕೊಂಡಳು.

"ನನಗ ಗೊತ್ತಿತ್ರಿ" ಎಂದಳು. "ಅವತ್ತs ಹೇಳಿದ್ದೆ, ನಿಮ್ಮ ಕೈಯಾಗ ಹಂಗ ಆಗೂದಿಲ್ಲ ಅಂತ. ಇವ್ರು ನನ್ನ ಮಾತು ಕೇಳ್ಲಿಲ್ಲ, ನಿಮ್ಮ ಮಾತು ಕೇಳಿದ್ರು. ನನಗ್ಯಾಕ ಹೇಳ್ತೀರಿ? ಇವ್ರ ಮಾರಿ ನೋಡಿ ಹೇಳ್ರಿ."

ಇವರು ತಿರುಗಿದರು. ಅಷ್ಟು ಹೊತ್ತಿನಲ್ಲಿ ಮೊದಲ ಸಲ ದುಂಡಪ್ಪನ ಮುಖವನ್ನು ನೇರವಾಗಿ ನೋಡಿದರು.

"ತಪ್ಪು ನಂದು ದುಂಡಪ್ಪ. ನಿಮ್ಮ ಕೆಲಸದಲ್ಲಿ ಏನೂ ದೋಷ ಇರ್ಲಿಲ್ಲ" ಎಂದರು.

ದುಂಡಪ್ಪ ಬೆಂಚಿನ ಮೇಲಿದ್ದ ಕಪ್ಪು ಗಾಜಿನ ಹಲಗೆಯನ್ನು ಎತ್ತಿ ಮುಖಕ್ಕೆ ಅಡ್ಡ ಹಿಡಿದುಕೊಂಡ. ಶೆಡ್ಡಿನಲ್ಲಿ ಎಲ್ಲೂ ಕಿಡಿ ಹಾರುತ್ತಿರಲಿಲ್ಲ. ಹಲಗೆಯ ಹಿಂದೆ ಅವನ ಭುಜಗಳು ಅಲುಗುತ್ತಿದ್ದವು. ಗುರವ್ವ ಹಿಟ್ಟಿನ ಕೈಯನ್ನು ಅವನ ಬೆನ್ನ ಮೇಲೆ ಇಟ್ಟಳು, ಮತ್ತು ಆ ಹಲಗೆ ಕೆಳಗಿಳಿಯುವವರೆಗೆ ನಾವು ಮೂವರೂ ಅಲ್ಲೇ ನಿಂತಿದ್ದೆವು.